ಅಡ್ಮಿರಲ್ಲರಿಗೆ ಎಷ್ಟೆಳೆ ಹಾರ

ನಿವೃತ್ತಿಯಾದ ಮೇಲೆ ನನ್ನ ತಲೆಗೆ ಕಟ್ಟಿದ ಕೆಲಸ ನಿರೂಪಣೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು, ಗಂಟಲು ಗಟ್ಟಿಯಾಗಿದೆ, ಇಂಗ್ಲಿಷೂ ತಕ್ಕಮಟ್ಟಿಗೆ ಬರುತ್ತದೆ ಅನ್ನುವ ಕಾರಣಕ್ಕೆ ತಿಪಟೂರು, ತುರುವೇಕೆರೆ ಸುತ್ತ ಎಲ್ಲಿ ಶಾಮಿಯಾನ ಎದ್ದರೂ ಮೈಕು ನನ್ನ ಕೈಗೆ ಬರುತ್ತದೆ. ಸಂಭಾವನೆ ಏನೂ ಇಲ್ಲ, ಒಂದು ಶಾಲು ಕೊಡುತ್ತಾರೆ. ನಮ್ಮ ಮನೆಯ ಬೀರುವಿನಲ್ಲಿ ಈಗ ಸೀರೆಗಿಂತ ಶಾಲು ಹೆಚ್ಚಾಗಿವೆ.

ನಿರೂಪಣೆ ಅಂದರೆ ಮಾತಾಡುವುದು ಅಂತ ಜನ ತಿಳಿದಿದ್ದಾರೆ. ಅದು ಶುದ್ಧ ಸುಳ್ಳು. ನಿರೂಪಣೆ ಅಂದರೆ ಯಾರು ಯಾರಿಗಿಂತ ದೊಡ್ಡವರು ಎಂದು ಲೆಕ್ಕ ಹಾಕುವುದು. ನಮ್ಮ ಕಡೆ ಸನ್ಮಾನಕ್ಕೆ ದರ್ಜೆಗಳಿವೆ. ಎಲ್ಲಕ್ಕಿಂತ ಮೇಲಿನವರಿಗೆ ಮೈಸೂರು ಪೇಟ, ಶಾಲು, ಕೊಬ್ಬರಿ ಹಾರ, ಹಣ್ಣಿನ ಬುಟ್ಟಿ. ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರಿಗೆ ಪೇಟ ಇಲ್ಲ. ಇನ್ನೊಂದು ಮೆಟ್ಟಿಲು ಇಳಿದರೆ ಬುಟ್ಟಿಯೂ ಇಲ್ಲ. ಅದರ ಕೆಳಗೆ ಹೂವಿನ ಹಾರ, ಅದರ ಕೆಳಗೆ ಒಂದು ಗುಲಾಬಿ, ತೀರಾ ಕೆಳಗೆ ‘ಮುಂಭಾಗದಲ್ಲಿ ಆಸೀನರಾಗಿರುವ ಸಮಸ್ತ ಗಣ್ಯರೇ’ ಅನ್ನುವ ನನ್ನ ಒಂದು ವಾಕ್ಯ. ಕೊಬ್ಬರಿ ಹಾರದಲ್ಲೂ ಒಂದೆಳೆ, ಎರಡೆಳೆ, ಮೂರೆಳೆ ಅಂತ ಉಂಟು. ಮೂರೆಳೆಯ ಹಾರ ಹಾಕಿಸಿಕೊಂಡವರ ಕತ್ತು ಎರಡು ದಿನ ತಿರುಗುವುದಿಲ್ಲ, ಆದರೂ ಬೇಡ ಅಂದವರನ್ನು ನಾನು ಇದುವರೆಗೆ ಕಂಡಿಲ್ಲ. ಫೋಟೋ ತೆಗೆಯುವಷ್ಟು ಹೊತ್ತು ಹಿಂದಿನಿಂದ ಇಬ್ಬರು ಹಾರವನ್ನು ಮೆಲ್ಲಗೆ ಎತ್ತಿ ಹಿಡಿದಿರುತ್ತಾರೆ. ಫೋಟೋದಲ್ಲಿ ಅವರ ಬೆರಳು ಮಾತ್ರ ಕಾಣುತ್ತದೆ.

ಬೆಂಗಳೂರಿನ ಒಂದು ಟ್ರಸ್ಟಿನವರು ತಿಪಟೂರಿನ ಹತ್ತಿರದ ನಮ್ಮ ಹುಟ್ಟೂರಿನ ಹೈಸ್ಕೂಲಿಗೆ ವಿಜ್ಞಾನದ ಲ್ಯಾಬ್ ಕಟ್ಟಿಸಿಕೊಟ್ಟರು. ಉದ್ಘಾಟನೆಗೆ ಟ್ರಸ್ಟಿನ ಹಿರಿಯರೊಬ್ಬರು ಬರುತ್ತಾರೆ, ಅವರು ನೌಕಾಪಡೆಯಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದವರು ಎಂದು ಪತ್ರ ಬಂತು. ಶಾಲೆಯ ಸಮಿತಿಯ ಅಧ್ಯಕ್ಷರು ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿರುವವರು. ಒಂದು ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಅದು ಯಾವ ದರ್ಜೆಯದು ಎಂದು ಹೇಳಬಲ್ಲರು. ಆದರೆ ರಿಯರ್ ಅಡ್ಮಿರಲ್ಲನ್ನು ಅಲ್ಲಾಡಿಸಿ ನೋಡುವ ಹಾಗಿರಲಿಲ್ಲ. ನನಗೆ ಫೋನು ಮಾಡಿದರು. ಅದು ಎಷ್ಟು ದೊಡ್ಡ ಹುದ್ದೆ, ಡಿ.ಸಿ.ಗಿಂತ ಮೇಲೋ ಕೆಳಗೋ, ಹಾರ ಎಷ್ಟೆಳೆಯದು ಹೇಳಬೇಕು, ನೀವು ಓದಿಕೊಂಡು ಮೀಟಿಂಗಿಗೆ ಬನ್ನಿ ಎಂದರು.

ಸಮುದ್ರ ನಮ್ಮಿಂದ ಎಷ್ಟು ದೂರ ಎಂದರೆ ನಮ್ಮೂರಲ್ಲಿ ಅರ್ಧ ಜನ ಅದನ್ನು ಧರ್ಮಸ್ಥಳ ಪ್ರವಾಸದ ಕೊನೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಂದೇ ಒಂದು ಸಲ ನೋಡಿದವರು. ನಾನೂ ಅಷ್ಟೇ. ಆದರೂ ಪಾಠ ಹೇಳಿದ ಚಟ ಬಿಡುತ್ತದೆಯೇ. ಮೂರು ದಿನ ಕೂತು ಓದಿದೆ. ಶಾಲೆಯ ಜಗುಲಿಯಲ್ಲಿ ಸಮಿತಿಯವರನ್ನು ಕೂರಿಸಿಕೊಂಡು ಪಾಠ ಶುರು ಮಾಡಿದೆ.

ಅಡ್ಮಿರಲ್ ಅನ್ನುವ ಪದ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಅರಬ್ಬರ ಬಾಯಲ್ಲಿ. ಅವರಲ್ಲಿ ಅಮೀರ ಅಂದರೆ ಒಡೆಯ, ದಂಡನಾಯಕ. ‘ಅಮೀರ್ ಅಲ್’ ಎಂದು ಶುರುಮಾಡಿ ಯಾವುದರ ಒಡೆಯನೋ ಅದನ್ನು ಮುಂದೆ ಸೇರಿಸುತ್ತಿದ್ದರು. ಸಮುದ್ರದ ಒಡೆಯ ಅನ್ನಬೇಕಾದರೆ ಸಮುದ್ರಕ್ಕೆ ಅವರು ಅನ್ನುವ ‘ಬಹ್ರ್’ ಎಂಬ ಮಾತನ್ನು ಕೊನೆಗೆ ಸೇರಿಸಬೇಕು. ಸಿಸಿಲಿ ಎಂಬ ದ್ವೀಪವನ್ನು ಅರಬ್ಬರಿಂದ ಗೆದ್ದುಕೊಂಡ ರಾಜರು ಹುದ್ದೆಯನ್ನು ಹಾಗೇ ಉಳಿಸಿಕೊಂಡರು. ಆದರೆ ಯುರೋಪಿನವರ ನಾಲಿಗೆಯಲ್ಲಿ ಕೊನೆಯ ಸಮುದ್ರ ಉದುರಿಹೋಗಿ ಮೊದಲಿನ ಒಡೆತನ ಮಾತ್ರ ಉಳಿಯಿತು. ಯಾವುದರ ಒಡೆಯ ಎಂದು ಹೇಳದೆ ಬರೀ ಒಡೆಯ ಎನ್ನುವ ಹುದ್ದೆ ಇದು ಎಂದು ನಾನು ಸಮಿತಿಯ ಕಡೆ ನೋಡಿದೆ. ಯಾರೂ ನಗಲಿಲ್ಲ. ಅಲ್ಲಿದ್ದವರಲ್ಲಿ ಮೂವರು ಒಂದಲ್ಲ ಒಂದು ಸಂಘದ ಅಧ್ಯಕ್ಷರು.

ಆಮೇಲೆ ದರ್ಜೆಗಳಿಗೆ ಬಂದೆ. ಹಿಂದೆ ಹಾಯಿ ಹಡಗುಗಳು ಸಾಲಾಗಿ ಯುದ್ಧಕ್ಕೆ ಹೊರಡುತ್ತಿದ್ದಾಗ ನಡುವೆ ಅಡ್ಮಿರಲ್, ಮುಂದಿನ ಗುಂಪಿನಲ್ಲಿ ಅವನ ಉಪನಾಯಕ ವೈಸ್ ಅಡ್ಮಿರಲ್, ಸಾಲಿನ ಕೊನೆಯ ಗುಂಪನ್ನು ನೋಡಿಕೊಳ್ಳಲು ರಿಯರ್ ಅಡ್ಮಿರಲ್. ಮೂವರ ಬಾವುಟವೂ ಮೂರು ಬೇರೆ ಬೇರೆ ಕಂಬಗಳ ಮೇಲೆ ಹಾರುತ್ತಿತ್ತು. ಇಂಗ್ಲಿಷರಿಗೆ ಇಷ್ಟು ಸಾಲದೆ ಹಡಗುಪಡೆಯನ್ನು ಕೆಂಪು, ಬಿಳಿ, ನೀಲಿ ಎಂದು ಮೂರು ಪಾಲು ಮಾಡಿ, ಒಂದೊಂದರಲ್ಲೂ ಮೂರು ಮೂರು ದರ್ಜೆ ಇಟ್ಟು ಉದ್ದನೆಯ ಏಣಿ ಕಟ್ಟಿದರು. ಆ ಏಣಿಯಲ್ಲಿ ಮೇಲಿನವನು ಸತ್ತರೆ ಕೆಳಗಿನವನು ಒಂದು ಮೆಟ್ಟಿಲು ಹತ್ತುತ್ತಿದ್ದ, ಶೌರ್ಯ ಗೀರ್ಯ ಯಾರೂ ಕೇಳುತ್ತಿರಲಿಲ್ಲ. ಈಗ ಬಣ್ಣ ಹೋಗಿ ನಕ್ಷತ್ರ ಬಂದಿದೆ. ರಿಯರ್ ಅಡ್ಮಿರಲ್‌ಗೆ ಎರಡು, ವೈಸ್ ಅಡ್ಮಿರಲ್‌ಗೆ ಮೂರು, ಪೂರ್ತಿ ಅಡ್ಮಿರಲ್‌ಗೆ ನಾಲ್ಕು. ಐದು ನಕ್ಷತ್ರದ್ದೂ ಒಂದಿದೆ, ನಮ್ಮ ದೇಶದಲ್ಲಿ ಅದನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ.

ಸಮಿತಿಯವರು ಇದರಲ್ಲಿ ತಮಗೆ ಬೇಕಾದ್ದನ್ನು ಮಾತ್ರ ತೆಗೆದುಕೊಂಡರು. ಎರಡು ನಕ್ಷತ್ರ, ಹಾಗಾದರೆ ಎರಡೆಳೆ ಹಾರ. ಆದರೆ ನಮ್ಮ ಭಾಗದ ಜನಪ್ರತಿನಿಧಿಗಳಿಗೆ ಮೊದಲಿಂದಲೂ ಮೂರೆಳೆ. ಲ್ಯಾಬ್ ಕಟ್ಟಿಸಿಕೊಟ್ಟವರಿಗೆ ಎರಡು, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ ಮೂರು ಆದರೆ ಚೆನ್ನಾಗಿರುವುದಿಲ್ಲ ಎಂದು ಒಬ್ಬರಿಗೆ ಅನ್ನಿಸಿತು. ಮುಕ್ಕಾಲು ಗಂಟೆ ಚರ್ಚೆಯಾಯಿತು. ಕೊನೆಗೆ ಅಧ್ಯಕ್ಷರು, ಅವರಿಗೂ ಒಂದೆಳೆ ಜಾಸ್ತಿ ಹಾಕೋಣ, ನೌಕಾಪಡೆಯವರು ಬಂದು ಎಣಿಸುತ್ತಾರೆಯೇ ಎಂದು ತೀರ್ಮಾನ ಹೇಳಿದರು. ಹೀಗೆ ದೆಹಲಿಯಲ್ಲಿ ಆಗದ ಬಡ್ತಿ ನಮ್ಮ ಶಾಲೆಯ ಜಗುಲಿಯಲ್ಲಿ ಆಯಿತು.

ಎದ್ದು ಹೊರಡುವಾಗ ಯಾರಿಗೋ ನಮ್ಮ ಭಾವ ನೆನಪಾದರು. ಭಾವ ಅಂದರೆ ನನ್ನ ಅಕ್ಕನ ಗಂಡ. ನಮ್ಮೂರಿನಿಂದ ನೌಕಾಪಡೆಗೆ ಹೋಗಿ ಬಂದವರು ಅವರೊಬ್ಬರೇ. ಅವರನ್ನೂ ವೇದಿಕೆಯ ಕೊನೆಯ ಕುರ್ಚಿಯಲ್ಲಿ ಕೂರಿಸಿ ಒಂದೆಳೆ ಹಾರ ಹಾಕುವುದು ಎಂದಾಯಿತು.

ಭಾವನ ಬಗ್ಗೆ ಸ್ವಲ್ಪ ಹೇಳಬೇಕು. ಹತ್ತೊಂಬತ್ತನೇ ವಯಸ್ಸಿಗೆ ಊರು ಬಿಟ್ಟು, ಹದಿನೈದು ವರ್ಷ ಹಡಗಿನಲ್ಲಿದ್ದು, ಪಿಂಚಣಿ ಮತ್ತು ಒಂದು ಕಬ್ಬಿಣದ ಪೆಟ್ಟಿಗೆ ತೆಗೆದುಕೊಂಡು ವಾಪಸ್ಸು ಬಂದವರು. ಅಲ್ಲಿ ಏನು ಕೆಲಸ ಎಂದು ಕೇಳಿದರೆ ‘ಹಡಗಲ್ಲಿದ್ದೆ’ ಎಂದಷ್ಟೇ ಹೇಳುತ್ತಿದ್ದರು. ಜನ ತಮಗೆ ತೋಚಿದ ಹಾಗೆ ಅವರ ಕೈಗೆ ಫಿರಂಗಿ ಕೊಟ್ಟರು, ಇಂಜಿನ್ನು ಕೊಟ್ಟರು. ಬಂದ ಮೇಲೆ ತೋಟ ನೋಡಿಕೊಂಡಿದ್ದರು. ನಮ್ಮೂರ ಮಠದಲ್ಲಿ ಪ್ರತಿ ಸೋಮವಾರ ದಾಸೋಹ ನಡೆಯುತ್ತದೆ. ಒಂದು ಸೋಮವಾರ ಅಡುಗೆಯವರಿಗೆ ಜ್ವರ ಬಂದು ಎಲ್ಲರೂ ಕೈ ಹಿಸುಕಿಕೊಳ್ಳುತ್ತಿದ್ದಾಗ ಭಾವ ತೋಳು ಮಡಿಸಿ ಒಲೆಯ ಮುಂದೆ ನಿಂತರು. ಐನೂರು ಜನಕ್ಕೆ ಒಂದು ಚಮಚ ಉಪ್ಪು ಹೆಚ್ಚುಕಮ್ಮಿ ಆಗಲಿಲ್ಲ. ಅವತ್ತಿನಿಂದ ದಾಸೋಹದ ಸೌಟು ಅವರ ಕೈಯಲ್ಲೇ. ಅವರ ಹುಳಿ ಉಣ್ಣಲು ಹಾಲ್ಕುರಿಕೆ ಕಡೆಯಿಂದೆಲ್ಲ ಜನ ಬರುತ್ತಾರೆ. ಇಷ್ಟು ಜನಕ್ಕೆ ಅಳತೆ ತಪ್ಪದೆ ಬೇಯಿಸುವುದನ್ನು ಈ ಮನುಷ್ಯ ಎಲ್ಲಿ ಕಲಿತ ಎಂದು ಮೂವತ್ತು ವರ್ಷ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಬುದ್ಧಿವಂತೆ ಎಂದು ಹೆಸರು ಬೇರೆ.

ಆಹ್ವಾನ ಪತ್ರಿಕೆ ಅಚ್ಚಾದ ಮಾರನೆಯ ದಿನ ಭಾವ ಮೊಪೆಡ್ಡಿನಲ್ಲಿ ತಿಪಟೂರಿನ ನಮ್ಮ ಮನೆಗೆ ಬಂದರು. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಪತ್ರಿಕೆಯಲ್ಲಿದ್ದ ಮುಖ್ಯ ಅತಿಥಿಯ ಫೋಟೋದ ಮೇಲೆ ಬೆರಳಿಟ್ಟು, ಈ ಸಾಹೇಬರ ಹಡಗಿನಲ್ಲೇ ತಾವು ನಾಲ್ಕು ವರ್ಷ ಇದ್ದದ್ದು, ಆಗ ಅವರು ಅಡ್ಮಿರಲ್ ಆಗಿರಲಿಲ್ಲ, ಹಡಗಿನ ಮುಖ್ಯಸ್ಥರಾಗಿದ್ದರು ಎಂದರು. ನಾನು ಖುಷಿಯಾಗಿ ಪೆನ್ನು ತೆಗೆದುಕೊಂಡೆ. ಸ್ವಾಗತ ಭಾಷಣಕ್ಕೆ ಇಂಥದ್ದೇ ಬೇಕು. ಅಲ್ಲಿ ನಿಮ್ಮ ಕೆಲಸ ಏನು ಭಾವ ಎಂದು ಕೇಳಿದೆ.

“ಅಡುಗೆ,” ಎಂದರು.

ಆಮೇಲೆ ಮಿಕ್ಕದ್ದನ್ನು ತಾವೇ ಹೇಳಿದರು. ಬೇಳೆ ಅನ್ನ ಮಾತ್ರ ಅಲ್ಲ. ಮೀನು, ಕುರಿ, ಕೋಳಿ, ಮೊಟ್ಟೆ, ಎಲ್ಲ. ಕೊಯ್ದದ್ದು, ತೊಳೆದದ್ದು, ಬೇಯಿಸಿದ್ದು. ಬಾಯಿಗೆ ಮಾತ್ರ ಇಟ್ಟಿಲ್ಲ. ಉಪ್ಪು ಖಾರ ನೋಡಲು ಜೊತೆಯವನ ಕೈಗೆ ಹಾಕುತ್ತಿದ್ದರಂತೆ. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಶಾಲೆಯಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ನಮ್ಮೂರಲ್ಲಿ ಅದಕ್ಕೆ ಮೂರು ಸಭೆ ಆಗಿತ್ತು. ನನ್ನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಅಕ್ಕನಿಗೆ ಗೊತ್ತೇ ಎಂದೆ. ಮದುವೆಯಾದ ವಾರದಲ್ಲೇ ಹೇಳಿದ್ದರಂತೆ. ಅಕ್ಕ ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ಆ ಕಬ್ಬಿಣದ ಪೆಟ್ಟಿಗೆಯನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಬೂದಿ ಹಾಕಿ ಉಜ್ಜಿ ತೊಳೆದು, ಅಲ್ಲಿಗೆ ಆ ವಿಷಯ ಮುಗಿಸಿದಳಂತೆ.

“ಸಾಹೇಬ್ರು ಬಾಯಿ ತುಂಬ ಮಾತಾಡೋ ಮನುಷ್ಯ ಕಣಮ್ಮ. ಅಡುಗೆ ಸುದ್ದಿ ಎತ್ತೇ ಎತ್ತುತಾರೆ. ನೀನು ಅದನ್ನ ಕನ್ನಡಕ್ಕೆ ತರಬೇಡ, ಅಷ್ಟೇ. ಗೊತ್ತಾದ್ರೆ ಸೋಮವಾರದ ಸೌಟು ಹೋಯ್ತದೆ. ಅದೊಂದು ಬುಟ್ಟರೆ ನಂಗೆ ಬೇರೇನೈತೆ ಹೇಳು.”

ಸರಿ ಎಂದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಇಷ್ಟು ವರ್ಷ ಇಲ್ಲದ ಗುಣಗಳನ್ನು ಎಷ್ಟೋ ಜನರಿಗೆ ಮೈಕಿನಲ್ಲಿ ಹಚ್ಚಿದವಳು ನಾನು. ಇರುವ ಒಂದನ್ನು ಮುಚ್ಚುವುದು ಏನು ಮಹಾ ಎಂದುಕೊಂಡೆ.

ಉದ್ಘಾಟನೆಯ ದಿನ ಕಾರಿನಿಂದ ಇಳಿದವರನ್ನು ನೋಡಿ ಸಮಿತಿಗೆ ನಿರಾಸೆಯಾಯಿತು. ಬಿಳಿ ಸಮವಸ್ತ್ರ, ಭುಜದ ಮೇಲೆ ಚಿನ್ನದ ಪಟ್ಟಿ, ಸೊಂಟದಲ್ಲಿ ಕತ್ತಿ ಇರುತ್ತದೆ ಎಂದುಕೊಂಡಿದ್ದವರಿಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಸಣಕಲು ಮೈಯ, ಎಂಬತ್ತರ ಹತ್ತಿರದ ಒಬ್ಬ ಮುದುಕರು ಸಿಕ್ಕರು. ಮೂರೆಳೆಯ ಹಾರ ಹಾಕಿದಾಗ ಅವರು ಬಗ್ಗಿದವರು ತಕ್ಷಣ ಏಳಲಿಲ್ಲ. ಹಿಂದೆ ಎತ್ತಿ ಹಿಡಿಯಬೇಕಾದ ಇಬ್ಬರಲ್ಲಿ ಒಬ್ಬ ಜನಪ್ರತಿನಿಧಿಗಳ ಕಡೆ ಹೋಗಿಬಿಟ್ಟಿದ್ದ. ಹೇಗೋ ತಲೆಯೆತ್ತಿದವರು ಸಾಲಿನ ಕೊನೆಯ ಕುರ್ಚಿಯನ್ನು ನೋಡಿದರು. ಹಾರ ತೆಗೆದು ನನ್ನ ಮೇಜಿನ ಮೇಲಿಟ್ಟು, ಎಲ್ಲ ಗಣ್ಯರನ್ನು ದಾಟಿ ಹೋಗಿ ಭಾವನ ಎರಡೂ ಕೈ ಹಿಡಿದುಕೊಂಡರು. ಭಾವನ ಬೆನ್ನು ತಾನಾಗಿ ನೆಟ್ಟಗಾಯಿತು.

ಅವರು ಇಂಗ್ಲಿಷಿನಲ್ಲಿ ಮಾತಾಡಿದರು. ಒಂದೊಂದು ಮಾತಿಗೂ ನಾನು ಕನ್ನಡ ಮಾಡುತ್ತಿದ್ದೆ. ಲ್ಯಾಬಿನ ಬಗ್ಗೆ, ಹುಡುಗಿಯರು ವಿಜ್ಞಾನ ಓದಬೇಕಾದ್ದರ ಬಗ್ಗೆ ಹೇಳಿದರು, ಅದು ಸುಸೂತ್ರವಾಗಿ ಆಯಿತು. ಆಮೇಲೆ ಭಾವನ ಕಡೆ ತಿರುಗಿದರು. ಒಂದು ಸಲ ಮೂರು ದಿನ ಬಿರುಗಾಳಿಗೆ ಸಿಕ್ಕಿಕೊಂಡಿದ್ದೆವು, ನಾನೂ ಸೇರಿ ಅರ್ಧ ಹಡಗು ವಾಂತಿ ಮಾಡಿಕೊಂಡು ಮಲಗಿತ್ತು, ಈ ಮನುಷ್ಯ ಸೊಂಟಕ್ಕೆ ಹಗ್ಗ ಬಿಗಿದು ಅಡುಗೆಮನೆಯ ಕಂಬಿಗೆ ಕಟ್ಟಿಕೊಂಡು ಮೂರು ದಿನವೂ ಎಲ್ಲರಿಗೂ ಬಿಸಿ ಅನ್ನ, ಮೀನಿನ ಸಾರು ಮಾಡಿ ಹಾಕಿದ, ಮೈಮೇಲೆ ಕುದಿಯುವ ಸಾರು ಚೆಲ್ಲಿದರೂ ಒಲೆ ಬಿಡಲಿಲ್ಲ, ಎಷ್ಟೋ ದೇಶದ ಬಂದರುಗಳಲ್ಲಿ ಉಂಡಿದ್ದೇನೆ, ಅಂಥ ಮೀನಿನ ಸಾರು ನನಗೆ ಎಲ್ಲೂ ಸಿಗಲಿಲ್ಲ ಎಂದರು.

ನಾನು ಮೈಕು ತೆಗೆದುಕೊಂಡು, ಬಿರುಗಾಳಿಯ ಸಂದರ್ಭದಲ್ಲಿ ಇವರು ಎದೆಗುಂದದೆ ತಮ್ಮ ಕರ್ತವ್ಯವನ್ನು ನಿರ್ವಹಿಸಿದರು ಎಂದೆ. ಅಷ್ಟೇ. ಅತಿಥಿಗಳು ತಮ್ಮ ಅಷ್ಟುದ್ದದ ಮಾತು ಕನ್ನಡದಲ್ಲಿ ಇಷ್ಟು ಚಿಕ್ಕದಾದದ್ದು ಕಂಡು ಹುಬ್ಬೇರಿಸಿದರು. ಸಭೆ ಚಪ್ಪಾಳೆ ತಟ್ಟಿತು. ನಾನು ಮುಂದಿನ ಕಾರ್ಯಕ್ರಮದ ಚೀಟಿ ಹುಡುಕುತ್ತಿದ್ದಾಗ ಭಾವ ಎದ್ದು ನನ್ನ ಪಕ್ಕಕ್ಕೆ ಬಂದು ಮೈಕಿಗೆ ಕೈ ಚಾಚಿದರು. ಬೇಡ ಎಂದು ನಾನು ಕಣ್ಣಲ್ಲೇ ಹೇಳಿದೆ. ಅವರು ನನ್ನನ್ನು ನೋಡಲೇ ಇಲ್ಲ.

“ಸಾಹೇಬ್ರು ಹಂಗಂದಿಲ್ಲ ಕಣ್ರೀ. ನಾನು ಹಡಗಲ್ಲಿ ಅಡುಗೆಯೋನು. ಆ ಮೂರು ದಿನ ನಾನು ಮಾಡಿದ್ದು ಮೀನಿನ ಸಾರು. ನಾನು ತಿಂದೋನಲ್ಲ, ಆದ್ರೆ ಮಾಡಿದೀನಿ. ಚೆನ್ನಾಗಿತ್ತು ಅಂತವ್ರೆ. ಅದನ್ನ ಅವರು ಹೇಳಿದ್ದು.”

ಅಂಗಿಯ ತೋಳು ಮೇಲಕ್ಕೆ ಸರಿಸಿ ಸುಟ್ಟ ಕಲೆ ತೋರಿಸಿದರು. ಆ ಕಲೆಯನ್ನು ನಾವು ಮೂವತ್ತು ವರ್ಷದಿಂದ ನೋಡಿದ್ದೆವು, ದಾಸೋಹದ ಒಲೆಯದು ಅಂದುಕೊಂಡಿದ್ದೆವು. ಹಿಂದಿನ ಸಾಲಿನಲ್ಲಿ ಹೆಣ್ಣುಮಕ್ಕಳು ಚಪ್ಪಾಳೆ ಹೊಡೆದರು, ಮುಂದಿನ ಸಾಲಿನವರು ತಿರುಗಿ ನೋಡಿದ ಮೇಲೆ ನಿಲ್ಲಿಸಿದರು. ಅತಿಥಿಗಳು ಏನಾಯಿತು ಎಂದು ನನ್ನನ್ನು ಕೇಳಿದರು. ಈ ಸಲ ನಾನು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಂದೆ. ನಾನೂ ಅದನ್ನೇ ತಾನೇ ಹೇಳಿದ್ದು ಎಂದರು ಅವರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವತ್ತಿನ ಊಟ ಭಾವ ಬೆಳಗಿನ ಜಾವದಿಂದ ನಿಂತು ಮಾಡಿಸಿದ್ದು. ಉಣ್ಣದೆ ಎದ್ದು ಹೋದವರು ಒಬ್ಬರೂ ಇಲ್ಲ. ಒಬ್ಬಟ್ಟು ಇತ್ತು.

ವಾರ ಕಳೆದು ದಾಸೋಹ ಸಮಿತಿ ಕೂಡಿತು. ಅದರಲ್ಲಿರುವವರೂ ಶಾಲೆಯ ಸಮಿತಿಯವರೇ, ಕುರ್ಚಿ ಮಾತ್ರ ಬೇರೆ. ಮಠದ ಸ್ವಾಮಿಗಳು, ಹೊಟ್ಟೆಪಾಡಿಗೆ ಮಾಡಿದ ಕೆಲಸ, ಇದರಲ್ಲಿ ಕೇಳುವುದಕ್ಕೆ ಏನಿದೆ ಎಂದು ಉದ್ಘಾಟನೆಯ ದಿನವೇ ಹೇಳಿಬಿಟ್ಟಿದ್ದರಂತೆ. ಸಮಿತಿಯವರೂ ಕೇಳಲಿಲ್ಲ. ಮೀನು ಎನ್ನುವ ಮಾತನ್ನೇ ಯಾರೂ ಎತ್ತಲಿಲ್ಲ. ಬದಲಿಗೆ ಒಬ್ಬರಾದ ಮೇಲೊಬ್ಬರು ಭಾವನನ್ನು ಹೊಗಳಿದರು. ಇಷ್ಟು ವರ್ಷದ ಸೇವೆ, ಈ ವಯಸ್ಸಿನಲ್ಲಿ ಬೆಂಕಿಯ ಮುಂದೆ ನಿಲ್ಲಿಸುವುದು ನಮಗೇ ಶೋಭೆಯಲ್ಲ ಎಂದರು. ಅವರನ್ನು ದಾಸೋಹದ ಗೌರವ ಮುಖ್ಯಸ್ಥರನ್ನಾಗಿ ಮಾಡಿ, ಅಡುಗೆಯನ್ನು ಪಟ್ಟಣದ ಬೇರೆ ತಂಡಕ್ಕೆ ವಹಿಸುವುದೆಂದು ಒಮ್ಮತದಿಂದ ತೀರ್ಮಾನವಾಯಿತು. ಮಠದ ಸಭೆಯಲ್ಲಿ ಅದನ್ನು ಮೈಕಿನಲ್ಲಿ ಘೋಷಿಸಿದ್ದು ನಾನೇ. ಪೇಟ ತೊಡಿಸಿದರು. ಹಾರ ಮೂರೆಳೆಯದು.

ಅಡ್ಮಿರಲ್ಲುಗಳ ಬಗ್ಗೆ ಓದಿದ್ದರಲ್ಲಿ ಒಂದು ವಿಷಯವನ್ನು ನಾನು ಜಗುಲಿಯ ಪಾಠದಲ್ಲಿ ಬಿಟ್ಟಿದ್ದೆ. ಆ ಕೆಂಪು ಬಿಳಿ ನೀಲಿಯ ಕಾಲದಲ್ಲಿ, ಸರದಿ ಬಂದ ಕ್ಯಾಪ್ಟನ್ನನ್ನು ಸಮುದ್ರಕ್ಕೆ ಕಳಿಸಲು ಇಷ್ಟವಿಲ್ಲದಿದ್ದರೆ ಇಂಗ್ಲಿಷರು ಅವನನ್ನು ತೆಗೆದುಹಾಕುತ್ತಿರಲಿಲ್ಲ. ರಿಯರ್ ಅಡ್ಮಿರಲ್ ಮಾಡುತ್ತಿದ್ದರು, ಯಾವ ಬಣ್ಣದ ಪಡೆಯನ್ನೂ ಕೊಡುತ್ತಿರಲಿಲ್ಲ. ನಾವಿಕರು ತಮಾಷೆಗೆ ಅವರನ್ನು ಹಳದಿ ಅಡ್ಮಿರಲ್ಲುಗಳು ಎನ್ನುತ್ತಿದ್ದರಂತೆ, ಏಕೆಂದರೆ ಹಳದಿ ಬಣ್ಣದ ಪಡೆಯೇ ಇರಲಿಲ್ಲ. ಇಂಗ್ಲಿಷರ ಈ ಜಾಣತನ ನಮ್ಮ ಸಮಿತಿಗೆ ಯಾರೂ ಹೇಳಿಕೊಡದೆ ಬಂದಿತ್ತು. ಘೋಷಿಸುವಾಗ ನನಗೆ ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಗಿತ್ತು. ಆದರೂ ಓದಿದೆ, ಉಚ್ಚಾರ ತಪ್ಪಲಿಲ್ಲ.

ಹೋದ ಸೋಮವಾರ ಮಠಕ್ಕೆ ಹೋಗಿದ್ದೆ. ದಾಸೋಹ ಭವನದ ಬಾಗಿಲಲ್ಲಿ ಭಾವನಿಗೆ ಕೈಯಿರುವ ಕುರ್ಚಿ ಹಾಕಿದ್ದಾರೆ. ಮಡಿಸಿದ ಶಾಲು ಹೆಗಲ ಮೇಲೆ ಹಾಕಿಕೊಂಡು ಕೂತಿದ್ದರು. ಬಂದವರೆಲ್ಲ ಕೈ ಮುಗಿದು ಒಳಗೆ ಹೋಗುತ್ತಿದ್ದರು. ಅಡುಗೆಮನೆ ಅಲ್ಲಿಂದ ಹತ್ತು ಹೆಜ್ಜೆ. ನಾನು ಪಕ್ಕದಲ್ಲಿ ನಿಂತು ಅಕ್ಕನ ಮಂಡಿನೋವಿನ ಬಗ್ಗೆ ಏನೋ ಕೇಳುತ್ತಿದ್ದೆ. ಭಾವ ಮಾತಿನ ನಡುವೆ ಮೂಗು ಅರಳಿಸಿದರು. ಕುರ್ಚಿಯ ಕೈಗಳನ್ನು ಹಿಡಿದು ಅರ್ಧ ಎದ್ದರು. ಒಳಗೆ ಯಾರೋ ನಗುತ್ತಿದ್ದರು, ಪಾತ್ರೆ ಎಳೆದ ಸದ್ದಾಯಿತು. ಭಾವ ಒಳಗೊಮ್ಮೆ ನೋಡಿ ಮತ್ತೆ ಕೂತುಬಿಟ್ಟರು.

“ಬೇಳೆ ತಳ ಹಿಡೀತೈತೆ ಕಣಮ್ಮ. ಓಡೋಗಿ ಉರಿ ತೆಗೀರಿ ಅನ್ನು. ನಾನಂದೆ ಅನ್ನಬೇಡ.”

ಒಳಗೆ ಹೋಗಿ ಹೇಳಿದೆ. ಅಡುಗೆಯವನು ಸೌಟು ಹಾಕಿ ತಳ ಕೆದಕಿ ನೋಡಿ, ಗಾಬರಿಯಿಂದ ಸೌದೆ ಹೊರಗೆಳೆದ. ಇನ್ನೊಂದು ನಿಮಿಷ ಆಗಿದ್ದರೆ ಇಡೀ ಕೊಪ್ಪರಿಗೆ ಸೀದು ಹೋಗುತ್ತಿತ್ತು, ನಿಮಗೆ ಯಾರು ಹೇಳಿದ್ದು ಮೇಡಂ ಎಂದು ಕೇಳಿದ.

ನನಗೇ ವಾಸನೆ ಬಂತು ಎಂದೆ.